ಇಷ್ಟು ವರ್ಷ ಸುಮ್ಮನಿದ್ದ ಕಂಪೈಲರ್ ಈಗ ಯಾಕೆ ತಕರಾರು ತೆಗೆಯುತ್ತಿದೆ?

ಶಿರಸಿಯ ನನ್ನ ಗೆಳೆಯನೊಬ್ಬ 2003ರಲ್ಲಿ ಅಡಿಕೆ ಲೆಕ್ಕಕ್ಕೆಂದು ಸಿ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದ. ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ ಎಷ್ಟು, ಯಾರ ಚೀಲ, ಯಾವ ದರ, ಅಷ್ಟೇ. ಕಳೆದ ಮಳೆಗಾಲದಲ್ಲಿ ಆ ಹಳೇ ಕಂಪ್ಯೂಟರ್ ಕೈಕೊಟ್ಟಿತು. ಹೊಸ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಅದೇ ಕೋಡನ್ನು ಜಿಸಿಸಿಗೆ ಕೊಟ್ಟ. ನಾವು ಬರೆದ ಕೋಡನ್ನು ಮಶೀನಿಗೆ ಅರ್ಥವಾಗುವಂತೆ ಬದಲಿಸಿಕೊಡುವ ಕಂಪೈಲರ್ ಅದು. ಒಂದಕ್ಷರ ಬದಲಿಸಿರಲಿಲ್ಲ. ಆದರೂ ಎರರ್ ಮೇಲೆ ಎರರ್. "ಇಷ್ಟು ವರ್ಷ ಸುಮ್ನಿತ್ತು, ಈಗೆಂತ ಆಯ್ತು ಮಾರಾಯ ಇದಕ್ಕೆ?" ಎಂದು ಫೋನ್ ಮಾಡಿದ.

ಅವನ ಪ್ರಶ್ನೆಗೆ ಉತ್ತರ ಬೇಕೆಂದರೆ ಸುಮಾರು 50 ವರ್ಷ ಹಿಂದೆ ಹೋಗಬೇಕು. ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಭಾಷೆಯನ್ನು ರೂಪಿಸಿದ್ದು 1970ರ ದಶಕದ ಆರಂಭದಲ್ಲಿ. ಆಗಿನ ಕಂಪೈಲರ್ ಬಾಯಿ ಬಿಡುತ್ತಿದ್ದುದು ಕಡಿಮೆ. ಪುಟ್ಟ ಮಶೀನು, ಚೂರೇ ಮೆಮೊರಿ. ಕೋಡನ್ನು ಬೇಗ ಕಂಪೈಲ್ ಮಾಡಿ ಕೊಟ್ಟರೆ ಅದರ ಕೆಲಸ ಮುಗಿಯಿತು. ತಪ್ಪು ಹುಡುಕಲು ಸ್ಟೀಫನ್ ಜಾನ್ಸನ್ ‘ಲಿಂಟ್’ ಎಂಬ ಬೇರೆಯೇ ಪ್ರೋಗ್ರಾಂ ಬರೆದರು. ಬಟ್ಟೆಗೆ ಅಂಟಿಕೊಳ್ಳುವ ನೂಲಿನ ಧೂಳಿಗೆ ಇಂಗ್ಲಿಷಿನಲ್ಲಿ ಇರುವ ಹೆಸರದು. ಬೇಕಾದವರು ಲಿಂಟ್ ಓಡಿಸಿ ಧೂಳು ಕೊಡವಿಕೊಳ್ಳಬಹುದಿತ್ತು. ಬೇಡ ಎನ್ನುವವರಿಗೆ ಒತ್ತಾಯ ಇರಲಿಲ್ಲ. ಹೆಚ್ಚಿನವರು ಬೇಡ ಎನ್ನುವವರೇ ಇದ್ದಿರಬೇಕು, ಪ್ರೋಗ್ರಾಂ ಬರೆಯುವ ನಮ್ಮಂಥವರ ಸ್ವಭಾವ ಗೊತ್ತಲ್ವಾ!

ಸಿ ಎಲ್ಲ ಕಡೆ ಹರಡಿದಂತೆ ಒಂದೊಂದು ಕಂಪನಿ ಒಂದೊಂದು ನಮೂನೆ ಸೇರಿಸಿತು. 1983ರಲ್ಲಿ ಭಾಷೆಯ ನಿಯಮ ಗೊತ್ತುಮಾಡಲು ಸಮಿತಿ ಕೂತಿತು, 1989ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಬಂತು, ಮರುವರ್ಷ ಅದೇ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಆಯಿತು. ಇಲ್ಲೊಂದು ಸ್ವಾರಸ್ಯ ಇದೆ. ಕೆಲವು ನಿಯಮ ಮುರಿದಾಗ ಕಂಪೈಲರ್ ‘ಒಂದು ಸಂದೇಶ ಕೊಡಬೇಕು’ ಎಂದಷ್ಟೇ ಸ್ಟ್ಯಾಂಡರ್ಡ್ ಹೇಳುತ್ತದೆ. ಅದು ಎಚ್ಚರಿಸಿ ಮುಂದೆ ಹೋಗುವ ವಾರ್ನಿಂಗೋ, ಕಂಪೈಲನ್ನೇ ನಿಲ್ಲಿಸುವ ಎರರ್ರೋ ಎಂಬ ಮಾತಿಲ್ಲ. ಸಂದೇಶ ಕೊಟ್ಟು ಕೆಲಸ ಮುಂದುವರಿಸಿದರೂ ಅಡ್ಡಿಯಿಲ್ಲ. ಸ್ಟ್ಯಾಂಡರ್ಡಿನಲ್ಲಿ ಇಲ್ಲದ ಹೊಸ ಸೌಕರ್ಯಗಳನ್ನು, ಅಂದರೆ ಎಕ್ಸ್‌ಟೆನ್ಷನ್‌ಗಳನ್ನು, ಕೊಡಲೂ ಅವಕಾಶ ಇದೆ. ಎಷ್ಟು ಗದರಬೇಕು ಎಂಬುದನ್ನು ಕಂಪೈಲರ್ ಬರೆಯುವವರಿಗೇ ಬಿಟ್ಟುಬಿಟ್ಟರು. ಗದರಬೇಕೋ ಸುಮ್ಮನಿರಬೇಕೋ ಎಂಬ ಜಗಳ ಶುರುವಾಗಿದ್ದು ಅಲ್ಲಿಂದ.

ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಹೊರತಂದ ಜಿಸಿಸಿ ಆ ಜಗಳದಲ್ಲಿ ಸ್ಟ್ಯಾಂಡರ್ಡಿಗೆ ಜೋತುಬೀಳುವವರ ಕಡೆ ಇರಲಿಲ್ಲ ಎಂಬುದು ಗುಟ್ಟೇನಲ್ಲ. ಕಂಪೈಲರಿಗೇ ನೇರ ಸೂಚನೆ ಕೊಡುವ ‘ಪ್ರಾಗ್ಮಾ’ ಎಂಬ ಸಾಲು ಕಂಡರೆ ಏನು ಮಾಡಬೇಕೆಂದು ಕಂಪೈಲರೇ ನಿರ್ಧರಿಸಲಿ ಎಂದು ಸ್ಟ್ಯಾಂಡರ್ಡ್ ಹೇಳಿತ್ತು. ಹಳೆಯ ಜಿಸಿಸಿ ಏನು ಮಾಡುತ್ತಿತ್ತು ಗೊತ್ತೇ? ಕಂಪೈಲ್ ಮಾಡುವುದನ್ನು ಬಿಟ್ಟು ಕಂಪ್ಯೂಟರಿನಲ್ಲಿದ್ದ ಆಟವೊಂದನ್ನು ತೆರೆಯಲು ನೋಡುತ್ತಿತ್ತು! ಸ್ಟ್ಯಾಂಡರ್ಡಿಗೆ ಹೊರತಾದದ್ದನ್ನು ಎತ್ತಿ ತೋರಿಸುವ ಆಯ್ಕೆಯೂ ಇತ್ತು. ಅದರ ಹೆಸರು ‘ಪೆಡಾಂಟಿಕ್’. ಅತಿ ಶಿಸ್ತಿನವರ ಬಾಯಿ ಮುಚ್ಚಿಸಲು ಇದನ್ನು ಇಟ್ಟಿದ್ದೇವೆ, ಉಪಯೋಗಕ್ಕಲ್ಲ ಎಂಬರ್ಥದ ಮಾತು ಹಳೆಯ ಕೈಪಿಡಿಯಲ್ಲೇ ಇತ್ತು. ಇನ್ನು ‘ಡಬ್ಲ್ಯು-ಆಲ್’ ಎಂಬ ಆಯ್ಕೆ. ಹೆಸರಿಗೆ ‘ಆಲ್’. ಎಲ್ಲ ವಾರ್ನಿಂಗೂ ಅದರಲ್ಲಿ ಬರುವುದಿಲ್ಲ.

ನಾನು ಕಾರವಾರದಲ್ಲಿ ಓದುವಾಗ ಈ ಯಾವ ಗಲಾಟೆಯೂ ನಮ್ಮ ಲ್ಯಾಬಿಗೆ ಬಂದಿರಲಿಲ್ಲ. ನೀಲಿ ಪರದೆಯ ಟರ್ಬೊ ಸಿ ಎಂಬ ಹಳೆಯ ಕಂಪೈಲರ್. ‘ವಾಯ್ಡ್ ಮೇನ್’ ಎಂದು ಶುರು ಮಾಡುವುದು, ‘ಕೋನಿಯೋ’ ಸೇರಿಸುವುದು, ಪರದೆ ಒರೆಸುವುದು. ಅವೆಲ್ಲ ಸ್ಟ್ಯಾಂಡರ್ಡ್ ಸಿ ಅಲ್ಲ ಎಂದು ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ. ಕೆಳಗಿನ ಕಿಟಕಿಯಲ್ಲಿ ಹಳದಿಯೋ ಬಿಳಿಯೋ ವಾರ್ನಿಂಗ್ ಬಂದರೆ ‘ಅದೆಲ್ಲ ಇರ್ತದೆ, ಎರರ್ ಸೊನ್ನೆ ಇದ್ರೆ ಸಾಕು’ ಎನ್ನುತ್ತಿದ್ದೆವು.

ವಾರ್ನಿಂಗಿನ ದೊಡ್ಡ ಕಷ್ಟವೇ ಇದು. ಕಾರವಾರದ ಬೈತಖೋಲ ಬಂದರಿನಲ್ಲಿ ಹವಾಮಾನದ ಮೂರನೇ ನಂಬರ್ ಸಿಗ್ನಲ್ ಏರಿಸಿದರೆ ಹುಷಾರು ಎಂದರ್ಥ. ಅದು ದಿನವೂ ಅಲ್ಲೇ ಇದ್ದರೆ ಯಾರು ತಲೆ ಎತ್ತಿ ನೋಡುತ್ತಾರೆ? ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕೆ ನಿಷೇಧದ ಮಾತೇ ಬೇರೆ. ಆಗ ಟ್ರಾಲರ್ ದಡದಲ್ಲೇ ಇರಬೇಕು. ಅದು ಎರರ್. ಆದರೆ ಗಮನಿಸಿ, ಆಗಲೂ ನಾಡದೋಣಿಗೆ ವಿನಾಯಿತಿ ಇದೆ.

ಎಲ್ಲವನ್ನೂ ಎರರ್ ಮಾಡಿದರೆ ಆಗದೇ? ಗೋ ಎಂಬ ಹೊಸ ಭಾಷೆ ಹಾಗೆಯೇ ಮಾಡಿತು. ಬಳಸದ ವೇರಿಯಬಲ್ ಇದ್ದರೆ ಅಲ್ಲಿ ಕಂಪೈಲೇ ಆಗುವುದಿಲ್ಲ. ಹೊಸ ಭಾಷೆಗೆ ಆ ಹಟ ನಡೆಯುತ್ತದೆ. ಹಳೆಯದಕ್ಕೆ ಕಷ್ಟ. 2021ರ ಸೆಪ್ಟೆಂಬರಿನಲ್ಲಿ ಲಿನಕ್ಸ್ ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸ್ ಅದರ ತಿರುಳಾದ ಕರ್ನಲ್‌ನಲ್ಲಿ ವಾರ್ನಿಂಗುಗಳನ್ನೆಲ್ಲ ಎರರ್ ಎಂದೇ ಎಣಿಸುವಂತೆ ಮಾಡಿದರು. ಕೆಲವೇ ದಿನದಲ್ಲಿ ಅದನ್ನು ಸಡಿಲಿಸಬೇಕಾಯಿತು. ಅದೇ ಕರ್ನಲ್ ಜಿಸಿಸಿಯ ಎಕ್ಸ್‌ಟೆನ್ಷನ್‌ಗಳ ಮೇಲೇ ನಿಂತಿದೆ. ಅವುಗಳಲ್ಲಿ ‘ಟೈಪ್‌ಆಫ್’ ಎಂಬುದು ಸಿ23 ಎಂಬ ಹೊಸ ಸ್ಟ್ಯಾಂಡರ್ಡಿಗೆ ಸೇರಿಯೇಬಿಟ್ಟಿತು. ನಿನ್ನೆಯ ಹೊರಗಿನವ ಇವತ್ತು ಮನೆಮಗ.

ಹಾಗಾಗಿ ನನ್ನ ಮಟ್ಟಿಗೆ ‘ಸ್ಟ್ಯಾಂಡರ್ಡಿನಲ್ಲಿ ಇಲ್ಲ’ ಎಂಬ ಒಂದೇ ಕಾರಣಕ್ಕೆ ಗದರುವುದರಲ್ಲಿ ಅರ್ಥವಿಲ್ಲ. ಕೋಡ್ ಬೇರೆ ಕಂಪೈಲರಿಗೂ ಹೋಗಬೇಕಾದವರು ಬೇಕಿದ್ದರೆ ಕೇಳಿಕೊಳ್ಳಲಿ. ಮಶೀನು ಬದಲಾದಾಗ ಸದ್ದಿಲ್ಲದೆ ಕಾಲು ಜಾರಿಸುವ ಕೋಡ್ ಇದೆಯಲ್ಲ, ಅದರ ಕತೆ ಬೇರೆ.

ಗೆಳೆಯನ ಕೋಡಿನಲ್ಲಿ ಇದ್ದದ್ದು ಈ ಎರಡನೆಯದು. ಮಾರಿದವರ ಹೆಸರು ಹುಡುಕಿಕೊಡುವ ಫಂಕ್ಷನ್, ಅಂದರೆ ಆ ಕೆಲಸದ ಕೋಡಿನ ತುಣುಕು, ಬೇರೆ ಫೈಲಿನಲ್ಲಿತ್ತು. ಹಾಗೊಂದು ಫಂಕ್ಷನ್ ಇದೆ ಎಂದು ಮೊದಲೇ ಹೇಳದೆ ನೇರ ಬಳಸಿದ್ದ. ಹಳೆಯ ಸಿ ಅದನ್ನು ಒಪ್ಪುತ್ತಿತ್ತು. ಗೊತ್ತಿಲ್ಲದ ಫಂಕ್ಷನ್ ಒಂದು ಪೂರ್ಣಾಂಕ ಕೊಡುತ್ತದೆ ಎಂದು ತಾನೇ ಅಂದುಕೊಳ್ಳುತ್ತಿತ್ತು. 1999ರ ಸ್ಟ್ಯಾಂಡರ್ಡ್ ಸಿ99 ಈ ನಿಯಮವನ್ನು ಕಿತ್ತುಹಾಕಿತು. ಜಿಸಿಸಿ ಮಾತ್ರ ಹಳೆಯ ನಮೂನೆಯನ್ನೇ ಸುಮ್ಮನೆ ಒಪ್ಪುತ್ತ ಬಂತು. 2015ರಲ್ಲಿ ಬಂದ 5ನೇ ಆವೃತ್ತಿಯಿಂದ ಕೇಳದಿದ್ದರೂ ವಾರ್ನಿಂಗ್ ಕೊಡತೊಡಗಿತು. 2023ರಲ್ಲಿ ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರಿನ 16ನೇ ಆವೃತ್ತಿ ಅದನ್ನು ಎರರ್ ಮಾಡಿತು, 2024ರಲ್ಲಿ ಜಿಸಿಸಿ 14. ನಿಯಮ ಹೋಗಿ 25 ವರ್ಷದ ಮೇಲೆ!

ಅಷ್ಟು ತಡವಾದದ್ದಕ್ಕೆ ಕಾರಣವೂ ಇತ್ತು. ಲಿನಕ್ಸಿನ ಬಹಳಷ್ಟು ಪ್ಯಾಕೇಜುಗಳು ಕಂಪೈಲ್ ಆಗುವ ಮೊದಲು ಪುಟ್ಟ ಪುಟ್ಟ ಪರೀಕ್ಷಾ ಪ್ರೋಗ್ರಾಂ ಓಡಿಸಿ, ಈ ಮಶೀನಿನಲ್ಲಿ ಏನೇನಿದೆ ಎಂದು ನೋಡಿಕೊಳ್ಳುತ್ತವೆ. ಆ ಪರೀಕ್ಷೆಯ ಕೋಡೇ ಹಳೆಯ ನಮೂನೆಯದಾದರೆ? ಅದು ಕಂಪೈಲ್ ಆಗುವುದಿಲ್ಲ. ಆಗ ಎರರ್ ಕಾಣುವುದಿಲ್ಲ, ‘ಈ ಸೌಲಭ್ಯ ಇಲ್ಲ’ ಎಂದು ಬರೆದುಕೊಂಡು ಪ್ಯಾಕೇಜ್ ಮುಂದೆ ಹೋಗುತ್ತದೆ. ಲಿನಕ್ಸನ್ನು ಸಿದ್ಧಮಾಡಿ ಹಂಚುವ ಫೆಡೋರಾದಂಥ ಬಳಗಗಳು ಮೊದಲು ಇಂಥವನ್ನು ಒಂದೊಂದಾಗಿ ಹುಡುಕಿ ತಿದ್ದಬೇಕಾಯಿತು.

ಗೆಳೆಯ ಕೇಳಲಿಲ್ಲ. "ಎರರನ್ನ ವಾರ್ನಿಂಗ್ ಮಾಡೋ ಸ್ವಿಚ್ ಇಲ್ವಾ?" ಇದೆ, ‘ಎಫ್-ಪರ್ಮಿಸಿವ್’. ನಾಡದೋಣಿಯ ವಿನಾಯಿತಿ. ಹಾಕಿದ, ಕಂಪೈಲ್ ಆಯಿತು. ಮೊದಲ ಹೆಸರು ಅಚ್ಚಾಗುವಷ್ಟರಲ್ಲೇ ಪ್ರೋಗ್ರಾಂ ಬಿದ್ದುಹೋಯಿತು. ಹಳೆಯ ಮಶೀನು 32 ಬಿಟ್ಟಿನದು, ಅಲ್ಲಿ ಪೂರ್ಣಾಂಕಕ್ಕೂ ಮೆಮೊರಿಯ ವಿಳಾಸಕ್ಕೂ ಅಳತೆ ಒಂದೇ. ಹೊಸದು 64 ಬಿಟ್, ಇಲ್ಲಿ ವಿಳಾಸ ಪೂರ್ಣಾಂಕದ ಎರಡರಷ್ಟು. ಫಂಕ್ಷನ್ ಕೊಟ್ಟದ್ದು ಹೆಸರು ಇದ್ದ ಜಾಗದ ವಿಳಾಸ. ಅದನ್ನು ಪೂರ್ಣಾಂಕ ಅಂದುಕೊಂಡದ್ದರಿಂದ ಅರ್ಧ ಕತ್ತರಿಸಿಹೋಗಿತ್ತು.

ಹಾಗೊಂದು ಫಂಕ್ಷನ್ ಇದೆ ಎಂದು ಹೇಳುವ ಒಂದು ಸಾಲನ್ನು ಫೈಲಿನ ಮೇಲ್ಗಡೆ ಸೇರಿಸಿದೆವು, ಸರಿಹೋಯಿತು. ಸ್ವಿಚ್ ತೆಗೆಸಿದೆ. ಇನ್ನೂ ಒಂಬತ್ತು ವಾರ್ನಿಂಗ್ ಉಳಿದಿವೆ. ಚಾಲಿ ಸುಲಿದು ಮುಗಿದ ಮೇಲೆ ನೋಡ್ತೇನೆ ಎಂದಿದ್ದಾನೆ.