ಸೂಪರ್‌ಆಕ್ಸೈಡ್ ಕಿಣ್ವವನ್ನು ಎಬ್ಬಿಸುವವರು ಯಾರು?

ಪ್ರಶ್ನೆ: ಸೂಪರ್‌ಆಕ್ಸೈಡ್ ಜೀವಕೋಶಕ್ಕೆ ಹಾನಿಕರ ಅನ್ನುತ್ತಾರೆ. ಹಾಗಿದ್ದರೂ ಅದನ್ನೇ ತಯಾರಿಸುವ ಕಿಣ್ವ ನಮ್ಮ ಮೈಯಲ್ಲಿದೆಯಲ್ಲ, ಅದು ಕಂಡಕಂಡಾಗ ಶುರುವಾಗದಂತೆ ತಡೆಯುವುದು ಯಾವುದು?

ಉತ್ತರ: ಕಿಣ್ವದ ಭಾಗಗಳನ್ನು ಜೀವಕೋಶ ಒಂದೇ ಕಡೆ ಇಡುವುದಿಲ್ಲ. ಬೇಕಾದಾಗ ಮಾತ್ರ ಅವು ಕೂಡುತ್ತವೆ.

ರೋಗಾಣುಗಳನ್ನು ನುಂಗುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣವನ್ನೇ ನೋಡಿ. ಅದರ ಪೊರೆಯಲ್ಲಿ ನಾಕ್ಸ್2 ಮತ್ತು ಪಿ22ಫಾಕ್ಸ್ ಎಂಬ ಪ್ರೋಟೀನುಗಳು ಜೋಡಿಯಾಗಿ ನೆಲೆಸಿವೆ. ಎನ್‌ಎಡಿಪಿಎಚ್ ಎಂಬ ಅಣುವಿನಿಂದ ಎಲೆಕ್ಟ್ರಾನ್ ಕಿತ್ತು, ಪೊರೆ ದಾಟಿಸಿ ಆಮ್ಲಜನಕಕ್ಕೆ ಕೊಡುವುದು ನಾಕ್ಸ್2ನ ಕೆಲಸ. ಎಲೆಕ್ಟ್ರಾನ್ ಪಡೆದ ಆಮ್ಲಜನಕವೇ ಸೂಪರ್‌ಆಕ್ಸೈಡ್; ನುಂಗಿದ ರೋಗಾಣುವನ್ನು ಕೊಲ್ಲಲು ಅದು ನೆರವಾಗುತ್ತದೆ. ಆದರೆ ನಾಕ್ಸ್2 ತಾನಾಗಿ ಏಳುವುದಿಲ್ಲ. ಅದನ್ನು ಎಬ್ಬಿಸುವ ಪಿ47ಫಾಕ್ಸ್, ಪಿ67ಫಾಕ್ಸ್, ಪಿ40ಫಾಕ್ಸ್ ಮೂರೂ ಕೋಶದ್ರವದಲ್ಲಿ ದೂರ ಉಳಿದಿರುತ್ತವೆ. ರ್‍ಯಾಕ್2 ಎಂಬ ಪುಟ್ಟ ಪ್ರೋಟೀನೂ ಅಷ್ಟೇ.

ಇವುಗಳಲ್ಲಿ ನನಗೆ ಅತಿ ಸೊಗಸಾಗಿ ಕಾಣುವುದು ಪಿ47ಫಾಕ್ಸ್. ವಿಶ್ರಾಂತಿಯಲ್ಲಿ ಅದು ಕೈಕಟ್ಟಿ ಕೂತಂತೆ ಮಡಚಿಕೊಂಡಿರುತ್ತದೆ: ಪಿ22ಫಾಕ್ಸ್ ಅನ್ನು ಹಿಡಿಯಬೇಕಾದ ಎರಡು ಭಾಗಗಳು ತನ್ನದೇ ಬಾಲದ ಒಂದು ತುಂಡನ್ನು ಹಿಡಿದುಕೊಂಡಿರುತ್ತವೆ. ರೋಗಾಣುವಿನ ಸುಳಿವು ಸಿಕ್ಕಾಗ ಕೈನೇಸ್ ಕಿಣ್ವಗಳು ಆ ಬಾಲದ ಸೆರೀನ್ ಎಂಬ ಅಮೈನೊ ಆಮ್ಲಗಳಿಗೆ ಫಾಸ್ಫೇಟ್ ಅಂಟಿಸುತ್ತವೆ. ಫಾಸ್ಫೇಟಿನ ಋಣ ವಿದ್ಯುದಂಶದಿಂದ ಹಿಡಿತ ಸಡಿಲಾಗಿ ಮಡಿಕೆ ಬಿಚ್ಚುತ್ತದೆ. ಪಿ47ಫಾಕ್ಸ್ ಪೊರೆಗೆ ಬಂದು ಪಿ22ಫಾಕ್ಸ್ ಅನ್ನು ಹಿಡಿಯುತ್ತದೆ, ಜೊತೆಗೆ ಪಿ67ಫಾಕ್ಸ್ ಅನ್ನೂ ಕರೆತರುತ್ತದೆ. ನಾಕ್ಸ್2ನಲ್ಲಿ ಎಲೆಕ್ಟ್ರಾನ್ ಹರಿಯುವಂತೆ ಮಾಡುವುದು ಈ ಪಿ67ಫಾಕ್ಸ್. ಅದಕ್ಕೂ ಜಿಟಿಪಿ ಎಂಬ ಚಿಕ್ಕ ಅಣುವನ್ನು ಹೊತ್ತ ರ್‍ಯಾಕ್ ಪಕ್ಕದಲ್ಲಿರಬೇಕು. ಇಷ್ಟು ಜನ ಕೂಡದೆ ಕೆಲಸ ಆರಂಭವಾಗದು.

ನಾಕ್ಸ್ ಕುಟುಂಬದ ಎಲ್ಲ ಕಿಣ್ವಗಳಿಗೂ ಇದೇ ಕಟ್ಟುಪಾಡಿಲ್ಲ. ಕರುಳಿನ ನಾಕ್ಸ್1ಗೆ ನಾಕ್ಸ್‌ಒ1, ನಾಕ್ಸ್‌ಎ1 ಎಂಬ ಬೇರೆ ಜೊತೆಗಾರರಿದ್ದಾರೆ. ನಾಕ್ಸ್5ಕ್ಕೆ ಕ್ಯಾಲ್ಸಿಯಂ ಸಾಕು.

ಈ ಕೂಟದಲ್ಲಿ ಒಬ್ಬರು ಗೈರಾದರೂ ಏನಾಗುತ್ತದೆಂದು ಕ್ರಾನಿಕ್ ಗ್ರ್ಯಾನುಲೊಮಾಟಸ್ ಎಂಬ ಆನುವಂಶಿಕ ಕಾಯಿಲೆ ತೋರಿಸುತ್ತದೆ. ಬಿಳಿ ರಕ್ತಕಣ ರೋಗಾಣುವನ್ನು ನುಂಗುತ್ತದೆ, ಆದರೆ ಕೊಲ್ಲಲಾರದು. ಮಗುವಿಗೆ ಮತ್ತೆ ಮತ್ತೆ ಕೀವು, ಶಿಲೀಂಧ್ರದ ಸೋಂಕು. ಹೆಚ್ಚಿನವರಲ್ಲಿ ದೋಷ ಎಕ್ಸ್ ವರ್ಣತಂತುವಿನಲ್ಲಿರುವ ನಾಕ್ಸ್2 ಜೀನ್‌ನದು, ಹಾಗಾಗಿ ಗಂಡುಮಕ್ಕಳಲ್ಲೇ ಜಾಸ್ತಿ. ಪಿ47ಫಾಕ್ಸ್ ಕೊರತೆಯ ಕಥೆ ಬೇರೆ: 7ನೇ ವರ್ಣತಂತುವಿನಲ್ಲಿ ಅದರ ಜೀನ್‌ನ ಪಕ್ಕದಲ್ಲೇ ಕೆಲಸಕ್ಕೆ ಬಾರದ ಎರಡು ನಕಲುಗಳಿವೆ, ಅವುಗಳಲ್ಲಿ ಡಿಎನ್‌ಎಯ ಎರಡು ಅಕ್ಷರ ಕಡಿಮೆ. ಆ ಕೊರತೆ ಅಸಲಿ ಜೀನ್‌ಗೆ ದಾಟಿಬಿಡುವುದುಂಟು. ಅದಕ್ಕೇ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ರೋಗಿಗಳಲ್ಲೂ ಅದೇ ಎರಡು ಅಕ್ಷರ ಕಾಣೆಯಾಗಿರುತ್ತವೆ.