ನರದ ನೋವು: ಆಪರೇಷನ್ನೋ, ಸ್ಟಿಮ್ಯುಲೇಟರೋ?

ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ನರದ ಬೇರು ಅಂದರೆ ಬೆನ್ನುಹುರಿಯಿಂದ ಹೊರಡುವ ನರದ ಬುಡ. ಉಳಿದದ್ದೆಲ್ಲ ವೈದ್ಯಕೀಯದ ಮೊದಲ ವರ್ಷದ್ದು. ಬಿಟ್ಟುಬಿಡುತ್ತೇನೆ.

ಕಾಲಿಗೆ ಹರಿಯುವ ಹಳೇ ನೋವಿನಲ್ಲಿ ಮೊದಲು ಕೇಳಬೇಕಾದದ್ದು ಒಂದೇ: ನರವನ್ನು ಈಗಲೂ ಏನಾದರೂ ಒತ್ತುತ್ತಿದೆಯಾ? ಒತ್ತುತ್ತಿದ್ದರೆ ಆಪರೇಷನ್‌ಗೆ ಅರ್ಥ ಇದೆ. ಒತ್ತಡ ಹೋದಮೇಲೂ ನರ ತಾನೇ ಉರಿಯುತ್ತಿದ್ದರೆ ಮತ್ತೆ ಕತ್ತರಿಸಿ ತೆಗೆಯಲು ಅಲ್ಲೇನೂ ಇರುವುದಿಲ್ಲ. ಆಗ ಬರುವುದು ಸ್ಟಿಮ್ಯುಲೇಟರ್, ಅಂದರೆ ಬೆನ್ನುಹುರಿಗೆ ಸಣ್ಣ ಕರೆಂಟ್ ಕೊಟ್ಟು ನೋವು ತಗ್ಗಿಸಲು ನೋಡುವ ಸಾಧನ.

ಎಂಆರ್‌ಐ ಮಾಡಿಸಿದರೆ ಗೊತ್ತಾಗುತ್ತೆ ಅಲ್ವಾ? ಅದೊಂದರಿಂದಲೇ ಗೊತ್ತಾಗಲ್ಲ. ನೋವೇ ಇಲ್ಲದವರಲ್ಲೂ ಡಿಸ್ಕ್ ಉಬ್ಬಿರುವುದು ಮಾಮೂಲಿ. ಸ್ಕ್ಯಾನ್‌ನಲ್ಲಿ ಕಂಡ ಜಾಗ, ನೋವಿನ ದಾರಿ, ಸೋತ ಸ್ನಾಯು, ಮೂರೂ ಒಂದೇ ನರದ ಕಡೆ ಬೆರಳು ತೋರಿಸಬೇಕು.

ಎಲ್4–ಎಲ್5 ಡಿಸ್ಕ್ ಯಾವ ನರವನ್ನು ಹಿಡಿಯುತ್ತದೆ?

ಎಲ್4, ಎಲ್5 ಅಂದರೆ ಕೆಳಬೆನ್ನಿನ 4ನೇ, 5ನೇ ಮೂಳೆ. ನರಗಳಿಗೂ ಇವೇ ನಂಬರ್. ಎಲ್ಲರೂ ಎಡವುವುದು ಇಲ್ಲೇ. ಉತ್ತರ ಸಾಮಾನ್ಯವಾಗಿ ಎಲ್5. ಎಲ್4 ನರ ಡಿಸ್ಕ್‌ಗಿಂತ ಮೇಲೆಯೇ, ಎಲ್4 ಮೂಳೆಯ ಪೆಡಿಕಲ್ ಎಂಬ ಗಿಡ್ಡ ಕಂಬದ ಕೆಳಗಿನಿಂದ ಹೊರಗೆ ಹೋಗಿಬಿಟ್ಟಿರುತ್ತದೆ. ಶಿವಮೊಗ್ಗದಿಂದ ಹೊರಟ ತೀರ್ಥಹಳ್ಳಿ ಬಸ್ ನೆನಪು ಮಾಡಿಕೊಳ್ಳಿ. ಮೊದಲ ಸ್ಟಾಪ್ ಗಾಜನೂರಿನವರು ಇಳಿದಾಯಿತು, ಅವರು ಎಲ್4. ಹತ್ತುವವರ ಮೊಣಕೈ ತಾಗುವುದು ಮಂಡಗದ್ದೆಯಲ್ಲಿ ಇಳಿಯಬೇಕು ಅಂತ ಆಗಲೇ ಬಾಗಿಲ ಬಳಿ ಬಂದು ನಿಂತವರಿಗೆ. ಆ ಮಂಡಗದ್ದೆಯವರೇ ಎಲ್5. ಡಿಸ್ಕ್ ತೀರಾ ಪಕ್ಕಕ್ಕೆ, ನರ ಹೊರಬೀಳುವ ಕಿಂಡಿಯೊಳಕ್ಕೋ ಅದರ ಆಚೆಗೋ ಜಾರಿದರೆ ಮಾತ್ರ ಎಲ್4 ಸಿಕ್ಕಿಬೀಳುತ್ತದೆ.

ಕುತ್ತಿಗೆಯಲ್ಲೂ ಸಿ5–ಸಿ6 ಡಿಸ್ಕ್ ಸಿ6 ನರವನ್ನೇ ಒತ್ತುತ್ತದೆ, ಆದರೆ ಕಾರಣ ಬೇರೆ. ಅಲ್ಲಿ ಮೂಳೆ 7, ನರ 8. ಸಿ6 ನರ ತನ್ನ ಮೂಳೆಯ ಮೇಲಿನಿಂದಲೇ ಹೊರಬರುತ್ತದೆ. ಹಾಗಾಗಿ ನನ್ನ ಶಾರ್ಟ್‌ಕಟ್: ಎರಡೂ ಕಡೆ ಡಿಸ್ಕ್‌ನ ಕೆಳಗಿನ ಮೂಳೆಯ ನಂಬರ್ ಹೇಳಿ. ಕುತ್ತಿಗೆಯ ಕೊನೆಯ ಡಿಸ್ಕ್ ಒಂದು ಮಾತ್ರ ಬೇರೆ, ಅಲ್ಲಿ ಸಿ8.

ಈಗ ಅಡಿಕೆ ಕೊನೆ (ಗೊಂಚಲು) ತೆಗೆಯುವ ಒಬ್ಬರನ್ನು ಊಹಿಸಿಕೊಳ್ಳಿ. ಚಳುಕು ಮೀನಖಂಡದ ಹೊರಬದಿಯಿಂದ ಪಾದದ ಮೇಲೆ ಹಾದು ಹೆಬ್ಬೆರಳಿಗೆ ಬರುತ್ತದೆ. ಹೆಬ್ಬೆರಳು ಮೇಲೆತ್ತಲು ಆಗಲ್ಲ. ನಡೆಯುವಾಗ ಹವಾಯಿ ಚಪ್ಪಲಿ ಕಾಲಿಂದ ಕಳಚಿಹೋಗುತ್ತದೆ. ಇದು ಎಲ್5, ಸ್ಕ್ಯಾನ್‌ನಲ್ಲಿ ಎಲ್4–ಎಲ್5 ಡಿಸ್ಕ್ ಜಾರಿದ್ದರೆ ಲೆಕ್ಕ ತಾಳೆಯಾಯಿತು. ಜಾರಿದ್ದು ಅದರ ಕೆಳಗಿನ ಎಲ್5–ಎಸ್1 ಡಿಸ್ಕ್ ಆಗಿದ್ದರೆ ಸಿಕ್ಕುವುದು ಎಸ್1 ನರ, ನೋವು ಕಿರುಬೆರಳಿನ ಕಡೆ ಹೋಗಬೇಕಿತ್ತು, ತುದಿಗಾಲಲ್ಲಿ ನಿಲ್ಲಲು ಕಷ್ಟ ಆಗಬೇಕಿತ್ತು.

ಮೂತ್ರ ಕಟ್ಟುವುದು, ಕೂರುವ ಜಾಗ ಮರಗಟ್ಟುವುದು ಕಂಡರೆ ಈ ಚರ್ಚೆಯೇ ಬೇಡ. ತಕ್ಷಣ ಆಸ್ಪತ್ರೆಗೆ.

ಸ್ಟಿಮ್ಯುಲೇಟರ್

ಡಿಸ್ಕ್ ತೆಗೆಸಿದಮೇಲೂ ಕಾಲಿನ ಉರಿ ಉಳಿದವರಿಗೆ ಇದರ ಮಾತು ಬರುತ್ತದೆ. ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಗೇಟ್ ಸಿದ್ಧಾಂತ ಮುಂದಿಟ್ಟರು: ಸ್ಪರ್ಶದ ಸಂಕೇತ ಬೆನ್ನುಹುರಿಯಲ್ಲಿ ನೋವಿನ ಸಂಕೇತಕ್ಕೆ ಬಾಗಿಲು ಹಾಕಬಲ್ಲದು ಅಂತ. 1967ರಲ್ಲಿ ಶೀಲಿ ಎಂಬ ನರಶಸ್ತ್ರವೈದ್ಯರು ಮೊದಲ ಸಾಧನ ಅಳವಡಿಸಿದರು. ಈಗಿನದರಲ್ಲಿ ಬೆನ್ನುಹುರಿಯನ್ನು ಸುತ್ತಿರುವ ಡ್ಯೂರಾ ಪೊರೆಯ ಹೊರಗೆ ತೆಳು ತಂತಿ, ಚರ್ಮದಡಿ ಬ್ಯಾಟರಿ. ಹಳೆಯ ಬಗೆಯಲ್ಲಿ ನೋವಿನ ಜಾಗದಲ್ಲಿ ಜುಮುಜುಮು ಅನ್ನುತ್ತದೆ. 10,000 ಹರ್ಟ್ಸ್‌ನದರಲ್ಲಿ (ಸೆಕೆಂಡಿಗೆ ಅಷ್ಟು ಬಾರಿ ಮಿಡಿಯುವುದು) ಅನ್ನುವುದಿಲ್ಲ.

ಮೊದಲು ಕೆಲವು ದಿನ ಟ್ರಯಲ್. ನೋವು ಅರ್ಧದಷ್ಟಾದರೂ ಇಳಿದರೆ ಸಾಮಾನ್ಯವಾಗಿ ಕಾಯಂ ಸಾಧನ. ಆದರೆ ಯಂತ್ರ ಆನ್ ಆಗಿದೆ ಅಂತ ರೋಗಿಗೆ ಗೊತ್ತಿರುತ್ತದಲ್ಲ, ಹಾಗಾಗಿ ಪಾಸಾದರೂ ಪೂರ್ತಿ ನಂಬಬೇಡಿ. 2007ರ ಒಂದು ಅಧ್ಯಯನದಲ್ಲಿ ಆರು ತಿಂಗಳಿಗೆ ಕಾಲುನೋವು ಅರ್ಧಕ್ಕಿಳಿದವರು ಸ್ಟಿಮ್ಯುಲೇಟರ್ ಗುಂಪಿನಲ್ಲಿ 48%, ಔಷಧ-ವ್ಯಾಯಾಮದಂಥ ಮಾಮೂಲಿ ಚಿಕಿತ್ಸೆ ಮಾತ್ರ ಪಡೆದ ಗುಂಪಿನಲ್ಲಿ 9%. ಯಾರಿಗೆ ಯಾವುದು ಅಂತ ಎಲ್ಲರಿಗೂ ಗೊತ್ತಿತ್ತು. 2022ರಲ್ಲಿ ನಾರ್ವೆಯಲ್ಲಿ 50 ಜನರಿಗೆ ಆನ್ ಇದೆಯೋ ಇಲ್ಲವೋ ತಿಳಿಸದೆ ಬರ್ಸ್ಟ್ ಬಗೆಯದನ್ನು (ಕರೆಂಟ್ ಗುಂಪುಗುಂಪಾಗಿ ಮಿಡಿಯುವುದು) ಪರೀಕ್ಷಿಸಿದಾಗ ದಿನನಿತ್ಯದ ಓಡಾಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ನನಗೆ ಎರಡನೆಯದೇ ಹೆಚ್ಚು ತೂಕದ್ದು ಅನ್ನಿಸುತ್ತದೆ.

ನಮ್ಮ ಮಲೆನಾಡಿನ ಕಡೆಯವರಿಗೆ ಇನ್ನೆರಡು ಪ್ರಶ್ನೆ ಕೇಳಲೇಬೇಕು. ಒಂದು, ಮನೆಯಲ್ಲಿ ಕರೆಂಟ್ ಹೇಗೆ? ರೀಚಾರ್ಜ್ ಬ್ಯಾಟರಿಗೆ ಚರ್ಮದ ಮೇಲಿಂದಲೇ ಚಾರ್ಜ್ ಮಾಡುತ್ತಿರಬೇಕು, ಆಗುಂಬೆ ಮಳೆಗಾಲ ಗೊತ್ತೇ ಇದೆ. ಚಾರ್ಜ್ ಬೇಡದ ಬ್ಯಾಟರಿ ಬೇಗ ಮುಗಿಯುತ್ತದೆ, ಬದಲಿಸಲು ಮತ್ತೆ ಚಿಕ್ಕ ಆಪರೇಷನ್. ಎರಡು, ಅಡಿಕೆ ಕೊಯ್ಲು ಯಾವಾಗ? ಅಳವಡಿಸಿದ ಮೊದಲ ವಾರಗಳಲ್ಲಿ ಬಾಗುವಂತಿಲ್ಲ, ತಿರುಚುವಂತಿಲ್ಲ, ಭಾರ ಎತ್ತುವಂತಿಲ್ಲ. ತಂತಿ ಜರುಗಿದರೆ ಸರಿಮಾಡಲು ಮತ್ತೆ ಆಪರೇಷನ್ ಥಿಯೇಟರಿಗೇ ಹೋಗಬೇಕಾಗಬಹುದು.