‘ಆರ್ಗ್ಯಾನಿಕ್ ರೀಚ್’ ಎಂದರೆ ‘ಸಾವಯವ ತಲುಪುವಿಕೆ’ ಅಲ್ಲ

ಸಣ್ಣ ವ್ಯಾಪಾರಿಗಳಿಗೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಬಳಕೆಯನ್ನು ಹೇಳಿಕೊಡುವ ತರಬೇತಿಗಳ ಕರಪತ್ರಗಳಲ್ಲಿ ‘ನಿಮ್ಮ ಸಾವಯವ ತಲುಪುವಿಕೆಯನ್ನು ಹೆಚ್ಚಿಸಿಕೊಳ್ಳಿ’ ಎಂಬ ಸಾಲು ಶಿವಮೊಗ್ಗದಲ್ಲಿ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತಿದೆ. ಬೇರೆ ಕಡೆಯಾಗಿದ್ದರೆ ಇದನ್ನು ಕೆಟ್ಟ ಅನುವಾದವೆಂದು ಬಿಟ್ಟುಬಿಡಬಹುದಿತ್ತು. ಆದರೆ ಮಲೆನಾಡಿನವರು ಜಾಲತಾಣದಲ್ಲಿ ಹೆಚ್ಚಾಗಿ ಮಾರುವುದೇ ಜೋನಿಬೆಲ್ಲ, ಕಾಳುಮೆಣಸು, ಜೇನುತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿಯಂಥ ಪದಾರ್ಥಗಳನ್ನು. ತೀರ್ಥಹಳ್ಳಿಯ ಪುರುಷೋತ್ತಮರಾಯರು ಕೃಷಿ ಪ್ರಯೋಗ ಪರಿವಾರವೆಂಬ ಸಂಸ್ಥೆಯ ಮೂಲಕ ಸಾವಯವ ಕೃಷಿಯನ್ನು ರೈತರ ಮನೆಬಾಗಿಲಿಗೆ ಒಯ್ದ ಸೀಮೆಯಿದು. ಇಲ್ಲಿ ಆ ಪದ ಕೇಳಿದೊಡನೆ ಗೊಬ್ಬರದ ಗುಂಡಿಯೇ ನೆನಪಾಗುವುದರಿಂದ ಗೊಂದಲವು ಪದಕ್ಕಷ್ಟೇ ನಿಲ್ಲದೆ ವ್ಯಾಪಾರಕ್ಕೂ ತಟ್ಟುತ್ತದೆ.

ಜಾಹೀರಾತಿಗೆ ಹಣ ಕಟ್ಟದೆ ಹಾಕಿದ ಪೋಸ್ಟ್ ಅಥವಾ ರೀಲ್ ಎಷ್ಟು ಬೇರೆ ಬೇರೆ ಖಾತೆಗಳಿಗೆ ಕಾಣಿಸಿತು ಎಂಬ ಲೆಕ್ಕವೇ ಆರ್ಗ್ಯಾನಿಕ್ ರೀಚ್. ಒಂದೇ ಖಾತೆಯವರು ಹತ್ತು ಸಲ ನೋಡಿದರೂ ರೀಚ್ ಒಂದೇ. ಹತ್ತನ್ನೂ ಎಣಿಸುವುದು ವ್ಯೂಸ್. ‘ಬೂಸ್ಟ್’ ಒತ್ತಿ ಹಣ ಕಟ್ಟಿದ ಮೇಲೆ ಸಿಗುವುದು ಪೇಯ್ಡ್ ರೀಚ್.

ಗ್ರೀಕ್ ಭಾಷೆಯಲ್ಲಿ ‘ಆರ್ಗನಾನ್’ ಎಂದರೆ ಉಪಕರಣ. ಚರ್ಚಿನಲ್ಲಿ ನುಡಿಸುವ ಆರ್ಗನ್ ವಾದ್ಯಕ್ಕೂ ದೇಹದ ಅಂಗಕ್ಕೂ ಹೆಸರು ಬಂದದ್ದು ಅದರಿಂದಲೇ. ಅಂಗಗಳುಳ್ಳದ್ದು, ಎಂದರೆ ಜೀವದೇಹಕ್ಕೆ ಸೇರಿದ್ದು, ಆರ್ಗ್ಯಾನಿಕ್ ಆಯಿತು. ಇದೇ ಅರ್ಥವನ್ನು ಹಿಡಿದು ಕನ್ನಡದಲ್ಲಿ ಸ-ಅವಯವ, ಸಾವಯವ ಎಂದೆವು. ರಸಾಯನಶಾಸ್ತ್ರದವರು ಇದನ್ನು ಇಂಗಾಲದ ಸಂಯುಕ್ತಗಳಿಗೆ ಬಳಸಿದ್ದರಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಕೂಡ ಆ ಶಾಸ್ತ್ರದ ಪ್ರಕಾರ ಸಾವಯವ ವಸ್ತುವೇ. ತೋಟವನ್ನು ಒಂದು ಇಡೀ ಜೀವಿಯೆಂದು ಕಾಣಬೇಕೆಂದು ವಾದಿಸಿದ ಇಂಗ್ಲೆಂಡಿನ ಲಾರ್ಡ್ ನಾರ್ತ್‌ಬೋರ್ನ್ 1940ರಲ್ಲಿ ಇದನ್ನು ಕೃಷಿಗೆ ತಂದರು. ಹೊರಗಿನ ಒತ್ತಾಯವಿಲ್ಲದೆ ತಾನಾಗಿ ಬೆಳೆದದ್ದು ಎಂಬ ಇನ್ನೊಂದು ಅರ್ಥವೂ ಇಂಗ್ಲಿಷಿನಲ್ಲಿ ಬೆಳೆಯಿತು. ಮಾರಾಟದವರು ಎತ್ತಿಕೊಂಡದ್ದು ಅದನ್ನು. ನಮ್ಮ ‘ಸಾವಯವ’ಕ್ಕೆ ಆ ಅರ್ಥ ಎಂದೂ ಬರಲಿಲ್ಲ. ಆದ್ದರಿಂದ ‘ಹಣ ಕಟ್ಟದ ರೀಚ್’ ಎಂದು ಬರೆದರೆ ಸಾಕು. ‘ಉಚಿತ’ ಎಂಬುದೂ ಸರಿಯಲ್ಲ, ಏಕೆಂದರೆ ರೀಲ್ ಮಾಡುವವರ ಅರ್ಧ ದಿನದ ದುಡಿಮೆ ಅದರಲ್ಲಿ ಸೇರಿದೆ.

ತಪ್ಪು ಪದದಿಂದ ಹುಟ್ಟಿದ ದೊಡ್ಡ ತಪ್ಪು ನಂಬಿಕೆಯೆಂದರೆ ಆರ್ಗ್ಯಾನಿಕ್ ರೀಚ್ ಶುದ್ಧ, ಬೂಸ್ಟ್ ಕಲಬೆರಕೆ ಎನ್ನುವುದು. ಹಣ ಕಟ್ಟದ ರೀಚ್ ಕೂಡ ತಾನಾಗಿ ಬೆಳೆಯುವುದಿಲ್ಲ. ಯಾರಿಗೆ ಏನು ತೋರಿಸಬೇಕೆಂದು ಕಂಪನಿಯ ಅಲ್ಗಾರಿದಂ, ಎಂದರೆ ಅದರ ಕಂಪ್ಯೂಟರ್ ಲೆಕ್ಕಾಚಾರ, ತೀರ್ಮಾನಿಸುತ್ತದೆ. ಪುಟಗಳ ಪೋಸ್ಟ್‌ಗಳಿಗಿಂತ ಸ್ನೇಹಿತರು, ಬಂಧುಗಳ ಪೋಸ್ಟ್‌ಗಳಿಗೆ ಆದ್ಯತೆ ಕೊಡುವುದಾಗಿ 2018ರ ಜನವರಿಯಲ್ಲಿ ಫೇಸ್‌ಬುಕ್ ಪ್ರಕಟಿಸಿದಾಗ, ಅಂಗಡಿಯವರ ಸರಕು ಮೊದಲಿನಂತೆಯೇ ಇದ್ದರೂ ಅವರ ಪುಟಗಳಿಗೆ ಸಿಗುವ ಜಾಗ ಕಿರಿದಾಯಿತು.

ಇನ್ನು, ರೀಚ್ ಎಣಿಸುವುದು ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಅಂಗಡಿಯ ಮುಂದೆ ಹಾದುಹೋದವರನ್ನು ಎಣಿಸಿದಂತೆ. ನಿಂತವರ, ಕೊಂಡವರ ಲೆಕ್ಕ ಬೇರೆ. ಮನೆಯಲ್ಲಿ ಉಪ್ಪಿನಕಾಯಿ ಹಾಕಿ ಮಾರುವವರು ಅಪ್ಪೆಮಿಡಿಯ ತೊಟ್ಟು ಮುರಿದಾಗ ಸೊನೆ ಚಿಮ್ಮುವುದನ್ನು ರೀಲ್ ಮಾಡಿ ಹಾಕುತ್ತಾರೆ ಎನ್ನಿ. ಅದು ಓಡಿದ ಮೇಲೆ ಇನ್‌ಸ್ಟಾಗ್ರಾಂ ಅಂಕಿಅಂಶ ತೋರಿಸುವ ಇನ್‌ಸೈಟ್ಸ್ ತೆರೆದು ನೋಡಬೇಕಾದದ್ದು ಮೇಲಿರುವ ದೊಡ್ಡ ಸಂಖ್ಯೆಯನ್ನಲ್ಲ, ಕೆಳಗಿರುವ ಎರಡು ಸಣ್ಣ ವಿವರಗಳನ್ನು: ನೋಡಿದವರಲ್ಲಿ ಫಾಲೋವರ್‌ಗಳೆಷ್ಟು, ನೋಡಿದವರೆಲ್ಲ ಯಾವ ಊರಿನವರು. ಹೈದರಾಬಾದು, ಪುಣೆಗಳೇ ಮೇಲಿದ್ದರೆ ‘ಪ್ರೈಸ್ ಎಷ್ಟು?’ ಎಂಬ ಕಾಮೆಂಟ್‌ಗಳು ರಾಶಿ ಬೀಳುತ್ತವೆ, ಆದರೆ ಅರ್ಧ ಕಿಲೋ ಬಾಟಲಿಗೆ ಕೊರಿಯರ್ ಖರ್ಚು ಕೇಳಿದ ಕೂಡಲೇ ಮಾತು ನಿಲ್ಲುತ್ತದೆ. ಅದೇ ಮನೆಯವರ ವಾಟ್ಸಾಪ್ ಸ್ಟೇಟಸ್ ನೋಡುವವರು ನೂರಿನ್ನೂರು ಜನ ನೆಂಟರು, ಪರಿಚಯದವರು ಇರಬಹುದು; ಆರ್ಡರ್ ಬರುವುದು ಅಲ್ಲಿಂದ, ಮತ್ತು ಅದು ಇನ್‌ಸ್ಟಾಗ್ರಾಂನ ರೀಚ್ ಲೆಕ್ಕಕ್ಕೆ ಸೇರುವುದೇ ಇಲ್ಲ. ಸಾಮಾಜಿಕ ಜಾಲತಾಣ ಸಣ್ಣ ವ್ಯಾಪಾರಕ್ಕೆ ಮಾಡಿರುವ ನಿಜವಾದ ಉಪಕಾರ ಇದೇ ಎಂದು ನನ್ನ ಅಭಿಪ್ರಾಯ: ಅಂಗಡಿ ಬಾಡಿಗೆಯಿಲ್ಲದೆ, ದಲ್ಲಾಳಿಯಿಲ್ಲದೆ, ಗುರುತಿನ ಗ್ರಾಹಕರ ಜೊತೆ ವರ್ಷವಿಡೀ ಸಂಪರ್ಕ.

ಆಗುಂಬೆ ಅಥವಾ ಜೋಗದ ಹೋಂಸ್ಟೇಗಳ ಮಾತು ಬೇರೆ. ಊರಿನವರು ಅಲ್ಲಿ ಉಳಿಯಲು ಬರುವುದಿಲ್ಲವಾದ್ದರಿಂದ ಬೆಂಗಳೂರಿನ ರೀಚ್ ಅವರಿಗೆ ಲಾಭವೇ. ಶಿವಮೊಗ್ಗದ ದುರ್ಗಿಗುಡಿಯ ಬೇಕರಿಗೆ ಅಥವಾ ಟೈಲರಿಗೆ ಬೇಕಾದದ್ದು ಊರಿನ ಒಳಗಿನ ಜನ. ಬೂಸ್ಟ್ ಮಾಡುವಾಗ ಯಾವ ಊರಿನವರಿಗೆ ಕಾಣಿಸಬೇಕೆಂದು ಆರಿಸಬಹುದು, ಹಣ ಕಟ್ಟದ ರೀಚ್‌ನಲ್ಲಿ ಆ ಆಯ್ಕೆ ವ್ಯಾಪಾರಿಯ ಕೈಯಲ್ಲಿಲ್ಲ. ಬೇಕರಿಯವರು, ಟೈಲರ್‌ಗಳು ಹಬ್ಬದ ವಾರದಲ್ಲಿ ಸ್ವಲ್ಪ ಹಣ ಹಾಕಿದರೆ ಅದು ಮೋಸವೂ ಅಲ್ಲ, ದುಂದೂ ಅಲ್ಲ.

ಕೊನೆಗೆ, ಪುಟದ ಹೆಸರಿನಲ್ಲೋ ಬಾಟಲಿಯ ಮೇಲೋ ‘ಆರ್ಗ್ಯಾನಿಕ್’ ಎಂದು ಬರೆಯುವವರಿಗೆ ಒಂದು ಮಾತು. ರೀಚ್ ಎಷ್ಟೇ ಆರ್ಗ್ಯಾನಿಕ್ ಆಗಿದ್ದರೂ ಅದರಿಂದ ಬೆಲ್ಲಕ್ಕೆ ಆ ಹೆಸರು ದಕ್ಕುವುದಿಲ್ಲ. ಆಹಾರ ಪದಾರ್ಥವನ್ನು ಸಾವಯವವೆಂದು ಮಾರಲು 2017ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಅಥವಾ ಪಿಜಿಎಸ್-ಇಂಡಿಯಾ (ರೈತರ ಗುಂಪುಗಳೇ ಪರಸ್ಪರ ತಪಾಸಣೆ ಮಾಡುವ ವ್ಯವಸ್ಥೆ) ಪ್ರಮಾಣೀಕರಣ ಬೇಕು. ಬೆಳೆದವರೇ ನೇರವಾಗಿ ಗ್ರಾಹಕರಿಗೆ ಸಣ್ಣ ಪ್ರಮಾಣದಲ್ಲಿ ಮಾರಿದರೆ ವಿನಾಯಿತಿ ಇದೆ, ಆದರೆ ಪ್ರಮಾಣೀಕರಣವಿಲ್ಲದೆ ಸಾವಯವ ಆಹಾರಕ್ಕೆ ಮೀಸಲಾದ ‘ಜೈವಿಕ್ ಭಾರತ್’ ಚಿಹ್ನೆಯನ್ನು ಅವರೂ ಹಾಕುವಂತಿಲ್ಲ.